ಒಂದು ಕಂಪ್ಯೂಟರಿಗೆ ಐದು ಮೌಸು: ಕರ್ನಾಟಕದ ಬಡಮಕ್ಕಳ ಕಲಿಕಾ ಸಾಧನಗಳ ಇತಿಹಾಸ

1823ರ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಊರಶಾಲೆಗಳ ವರದಿಯನ್ನು ಮದರಾಸಿಗೆ ಕಳಿಸಿದ. 533 ಶಾಲೆ, 6,641 ಮಕ್ಕಳು; ಹುಡುಗಿಯರು ಬರೀ 60. ಅಂಕಿಗಳಷ್ಟೇ ಮುಖ್ಯವಾದುದು ಕಲಿಕೆಯ ಸಾಮಗ್ರಿಯ ಬಗ್ಗೆ ಅವನು ಬರೆದದ್ದು. ಮಕ್ಕಳು ಮೊದಲು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಗಡಸು ಮಾಡಿ, ಪುಸ್ತಕದ ಹಾಗೆ ಮಡಚಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತ ಸಿದ್ಧ. ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯಬಹುದಿತ್ತು. ಮುಂದಿನ ಪಾಠ ಕಲಿತವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಈ ಮಿತವ್ಯಯವನ್ನು ಇಂಗ್ಲೆಂಡ್ ಅನುಕರಿಸಿದ್ದು ತಕ್ಕದ್ದೇ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ. ನೇಕಾರಿಕೆ ಕುಸಿದು ಬಡತನ ಹೆಚ್ಚಿದ್ದನ್ನೂ, ಎಳೆಯ ಮಕ್ಕಳ ದುಡಿಮೆಯೂ ಮನೆಗೆ ಬೇಕಾಗಿದ್ದನ್ನೂ ಅದೇ ವರದಿಯಲ್ಲಿ ದಾಖಲಿಸಿದ. ಮರಳು ಪುಕ್ಕಟೆ ಸಿಗುತ್ತಿತ್ತು, ಮಗುವಿಗೆ ಬಿಡುವು ಸಿಗುತ್ತಿರಲಿಲ್ಲ.

ನೂರೈವತ್ತು ವರ್ಷಗಳ ನಂತರ, 1975ರ ಆಗಸ್ಟಿನಿಂದ ಒಂದು ವರ್ಷ, ನಾಸಾದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿತು. ಕರ್ನಾಟಕದಲ್ಲಿ ಆಯ್ಕೆಯಾದವು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಕೋಳಿಗೂಡಿನ ಬಲೆಯಂಥ ತಂತಿಜಾಲದ ಅಂಟೆನಾ, ಊರಿಗೊಂದು ಟಿವಿ, ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲೇ ಕಾರ್ಯಕ್ರಮ. ಸಾಧನ ಇಡೀ ಊರಿನದು. ಆದರೆ ಮಕ್ಕಳು ನೋಡಬಹುದಿತ್ತು, ಮರುಮಾತಾಡುವಂತಿರಲಿಲ್ಲ.

ಸಿಂಪ್ಯೂಟರ್ ಈ ಕೊರತೆಯನ್ನು ತುಂಬಲು ಹೊರಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಈ ಅಂಗೈ ಕಂಪ್ಯೂಟರಿನ ಮಾದರಿ 2001ರ ಏಪ್ರಿಲಿನಲ್ಲಿ ಹೊರಬಂತು. ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿರಬೇಕು ಎಂಬುದು ಗುರಿ. ಅಷ್ಟು ಹಣ ಕೂಲಿಯವರ ಬಳಿ ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಸ್ಮಾರ್ಟ್ ಕಾರ್ಡ್ ಇಟ್ಟರು: ಯಂತ್ರ ಊರಿನದು, ಕಾರ್ಡು ತನ್ನದು; ಅದನ್ನು ತೂರಿಸಿದರೆ ತನ್ನ ಮಾಹಿತಿ ತೆರೆದುಕೊಳ್ಳುತ್ತದೆ. ಓದಲು ಬಾರದವರಿಗಾಗಿ ಬರಹವನ್ನು ದನಿಯಾಗಿಸುವ ತಂತ್ರಾಂಶವೂ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿದಾ' ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದರೂ ಹೆಚ್ಚು ಮಾರಾಟವಾಗಲಿಲ್ಲ. ಮೊಬೈಲು ಅದನ್ನು ಹಿಂದಿಕ್ಕಿತು. ಸಿಂಪ್ಯೂಟರನ್ನು ಸೋಲೆಂದು ಬದಿಗಿಡುವವರು ಆ ಕಾರ್ಡನ್ನು ಮರೆತಿದ್ದಾರೆ. ಬಡತನವನ್ನು ಅಷ್ಟು ಹತ್ತಿರದಿಂದ ಯೋಚಿಸಿದ ವಿನ್ಯಾಸಗಳು ಕಡಿಮೆ.

ಹಂಚಿಕೊಳ್ಳುವುದರಲ್ಲಿ ಒಂದು ತೊಡಕಿದೆ. ಶಾಲೆಯ ಒಂದೇ ಕಂಪ್ಯೂಟರಿನ ಸುತ್ತ ಐದಾರು ಮಕ್ಕಳು ಕೂತರೆ ಮೌಸು ಜೋರಿನ ಹುಡುಗನ ಕೈಯಲ್ಲಿ, ಮಿಕ್ಕವರು ನೋಡುಗರು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮ ಇದನ್ನು ಕಂಡು ಪ್ರತಿ ಮಗುವಿಗೂ ಒಂದು ಮೌಸು ಕೊಟ್ಟರು. ಪರದೆ ಒಂದೇ, ಬಾಣದ ಗುರುತು ಐದು. ಹಳ್ಳಿಯ ಬಡ ಮನೆಗಳ 238 ಮಕ್ಕಳ ಮೇಲೆ ಇಂಗ್ಲಿಷ್ ಪದ ಕಲಿಕೆಯ ಪ್ರಯೋಗ ನಡೆದು, ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಐವರು ಕೂತು ಕಲಿತದ್ದು ಒಟ್ಟಾರೆ ಒಬ್ಬೊಬ್ಬರೇ ಕೂತು ಕಲಿತದ್ದಕ್ಕೆ ಸಮನಾಗಿತ್ತು. ಅದಕ್ಕಿಂತ ಬೆಲೆಯುಳ್ಳ ಶೋಧ ಇನ್ನೊಂದು. ಮೊದಲು ಒತ್ತಿದವನು ಗೆಲ್ಲುವ ಆಟ, ಒಟ್ಟಿಗೆ ಸೇರಿ ಆಡುವ ಆಟ ಎಂದು ಎರಡು ಬಗೆ ಮಾಡಿದ್ದರು. ತಂತ್ರಜ್ಞಾನ, ಖರ್ಚು ಎರಡರಲ್ಲೂ ಒಂದೇ. ಕಲಿಕೆಯಲ್ಲಿ, ಮಕ್ಕಳ ನಡವಳಿಕೆಯಲ್ಲಿ ಎದ್ದು ಕಾಣುವ ಅಂತರ. ಹುಡುಗರ ಕಲಿಕೆ ಆಟದ ಬಗೆಯೊಂದಿಗೆ ಏರಿಳಿಯಿತು, ಹುಡುಗಿಯರದು ಹೆಚ್ಚುಕಡಿಮೆ ಒಂದೇ ಸಮ ಇತ್ತು. ಕಾಸಿಲ್ಲದೆ ಬದಲಿಸಬಹುದಾದ ಒಂದು ನಿಯಮಕ್ಕೆ ಇಷ್ಟು ಶಕ್ತಿಯಿದೆ ಎಂಬುದು ಶಾಲೆಗಳಿಗೆ ಸಾಮಾನು ಕೊಳ್ಳುವ ಅಧಿಕಾರಿಗಳನ್ನು ಇನ್ನೂ ಮುಟ್ಟಿಲ್ಲವೆಂದೇ ನನ್ನ ಅಭಿಪ್ರಾಯ. ಅವರ ಲೆಕ್ಕ ಈಗಲೂ ಪೆಟ್ಟಿಗೆಗಳ ಸಂಖ್ಯೆಯಲ್ಲೇ ಇದೆ.

2020ರಲ್ಲಿ ಶಾಲೆ ಮುಚ್ಚಿದಾಗ ರಾಜ್ಯದ 'ವಿದ್ಯಾಗಮ' ಯೋಜನೆ ಮಕ್ಕಳನ್ನು ಫೋನೇ ಇಲ್ಲದವರು, ಸಾದಾ ಫೋನಿನವರು, ಸ್ಮಾರ್ಟ್‌ಫೋನಿನವರು ಎಂದು ವಿಂಗಡಿಸಿತು. ಶಿಕ್ಷಕರು ಊರಿಗೇ ಹೋಗಿ ಗುಡಿಕಟ್ಟೆಗಳಲ್ಲಿ ಪಾಠ ಮಾಡಿದರು. ಫೋನಿರುವ ಮನೆಯಲ್ಲೂ ತೊಡಕು ತಪ್ಪದು: ಬೆಳಗಾವಿ ಜಿಲ್ಲೆಯ ಯರಗಟ್ಟಿ ಸೀಮೆಯ ಕೂಲಿಕಾರ ಅಪ್ಪ ಹೊಲಕ್ಕೆ ಹೋದರೆ ಫೋನೂ ಅವನ ಕಿಸೆಯಲ್ಲಿ ಹೋಗುತ್ತದೆ. ಸಂಜೆ ಸಿಕ್ಕಾಗ ಆರನೆಯ ಇಯತ್ತೆಯ ಅಕ್ಕನಿಗೂ ಮೂರನೆಯ ಇಯತ್ತೆಯ ತಮ್ಮನಿಗೂ ಅದೊಂದೇ. ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಉಚಿತ ಗಣಿತ ಆ್ಯಪ್ ಇಂಥ ಮನೆಗೆ ಹೊಂದುತ್ತದೆ. ಕನ್ನಡದಲ್ಲಿದೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಒಂದೇ ಫೋನಿನಲ್ಲಿ ಹಲವು ಮಕ್ಕಳು ಬಳಸಬಹುದು. ಸಿಂಪ್ಯೂಟರಿನ ಕಾರ್ಡು ಮಾಡಬೇಕಿದ್ದ ಕೆಲಸ ಅದೇ.