ಆಸರೆ ಊರಿನದು, ತೀರ್ಮಾನ ಅವರದು

ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರಿಗೆ ಹಾಸ್ಟೆಲಿನಲ್ಲಿ ಇರುವಂತಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ತಗುಲಿ ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ರಾತ್ರಿ ಉಸಿರಾಡಲು ಆಳುದ್ದದ ಯಂತ್ರದೊಳಗೆ ಮಲಗಬೇಕಿತ್ತು. ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯೇ ಅವರ ಮನೆಯಾಯಿತು. ಅವರ ಹಿಂದೆ ಅವರಂಥವರೇ ಇನ್ನೂ ಕೆಲವರು ಬಂದು ಸೇರಿಕೊಂಡರು. ಆ ವಾರ್ಡಿನ ಮಾತುಕತೆ ಊರೊಳಗೆ ಇಳಿದು, 1972ರಲ್ಲಿ ಸ್ವತಂತ್ರ ಬದುಕಿನ ಮೊದಲ ಕೇಂದ್ರವಾಯಿತು. ಸಹಾಯಕರನ್ನು ಹುಡುಕಿಕೊಡುವುದು, ಗಾಲಿಕುರ್ಚಿ ರಿಪೇರಿ, ಬಾಡಿಗೆ ಮನೆ, ಅದೇ ಕಷ್ಟ ಉಂಡವರಿಂದ ಸಲಹೆ – ಕೇಂದ್ರದ ಕೆಲಸ ಇಷ್ಟೇ. ಆದರೆ ಅದನ್ನು ನಡೆಸುತ್ತಿದ್ದವರು ಅಂಗವಿಕಲರು. ಅಂಗಿಯ ಗುಂಡಿ ಯಾರೇ ಹಾಕಲಿ, ಯಾವ ಅಂಗಿ ಎಂದು ಹೇಳುವವನು ತಾನು. ಇದು ಅವರ ನಿಲುವಾಗಿತ್ತು. ದುಡಿಯಲಾರದಷ್ಟು ಅಂಗವಿಕಲ ಎಂದು ಒಮ್ಮೆ ರಾಬರ್ಟ್ಸರನ್ನು ತಳ್ಳಿಹಾಕಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವರೇ ನಿರ್ದೇಶಕರಾದರು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಚೆಷೈರ್ ಸಂಸ್ಥೆಯ ವಸತಿಗೃಹವೊಂದರಲ್ಲಿ ಬದುಕಿದ್ದ ಪಾಲ್ ಹಂಟ್, ಇಂಥ ಕಡೆ ಅಂಗವಿಕಲರನ್ನು ಬೇರೆ ಇಟ್ಟಿರುವುದರ ವಿರುದ್ಧ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದರು. ಆ ಪತ್ರದಿಂದ ಹುಟ್ಟಿದ ಸಂಘಟನೆ ತೊಡಕಿರುವುದು ದೇಹದಲ್ಲಲ್ಲ, ಸಮಾಜ ಕಟ್ಟಿಕೊಂಡ ರೀತಿಯಲ್ಲಿ ಎಂದು ವಾದಿಸಿತು. ಸ್ವೀಡನ್ನಿನವರು ಅದಕ್ಕೆ ಹಣದ ಬಲ ಕೊಟ್ಟರು. ಅಡಾಲ್ಫ್ ರಾಟ್ಜ್‌ಕಾ ಮತ್ತು ಸಂಗಡಿಗರ ಸಹಕಾರ ಸಂಘದ ಪ್ರಯೋಗದ ನಂತರ 1994ರಿಂದ ಅಲ್ಲಿ ವೈಯಕ್ತಿಕ ಸಹಾಯಕರನ್ನು ಪಡೆಯುವುದು ಕಾನೂನುಬದ್ಧ ಹಕ್ಕು. ಮೂಲಭೂತ ಅಗತ್ಯಗಳಿಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ನೆರವು ಬೇಕಾದವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ಸಹಾಯಕರನ್ನು ಅವರೇ ಆರಿಸಿಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಅರ್ಹತೆಯನ್ನು ಬಿಗಿ ಮಾಡಿದ್ದರ ವಿರುದ್ಧ ಅಲ್ಲೂ ಹೋರಾಟ ನಡೆದಿದೆ.

ಬಡ ದೇಶಗಳ ದಾರಿ ಬೇರೆ. 1978ರ ಅಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯನ್ನು ಮುಂದಿಟ್ಟಿತು. ದೂರದ ಆಸ್ಪತ್ರೆಗೆ ಅಲೆಯುವ ಬದಲು ಮಗುವಿನ ವ್ಯಾಯಾಮವನ್ನು ಮನೆಯವರೇ ಕಲಿಯುವುದು, ಹಿತ್ತಲಲ್ಲೇ ಎರಡು ಬಿದಿರ ಗಳು ಕಟ್ಟಿ ಹಿಡಿದು ನಡೆಯುವ ಅಭ್ಯಾಸ ಮಾಡಿಸುವುದು. ಮೆಕ್ಸಿಕೋದ ಅಹೋಯಾ ಎಂಬ ಹಳ್ಳಿಯಲ್ಲಿ 1981ರಿಂದ ಇಂಥ ಕೇಂದ್ರವನ್ನು ಅಂಗವಿಕಲ ಹಳ್ಳಿಗರೇ ನಡೆಸಿ ತೋರಿಸಿದರು. ಆದರೆ ಎಷ್ಟೋ ಕಡೆ ‘ಸಮುದಾಯ’ ಎಂದರೆ ಕಡೆಗೆ ತಾಯಿ ಒಬ್ಬಳೇ ಆದಳು. ಈ ಕ್ಷೇತ್ರದ ಅತಿ ದೊಡ್ಡ ಲೋಪ ಇದೇ ಎಂದು ನನಗನ್ನಿಸುತ್ತದೆ.

ಕರ್ನಾಟಕದಲ್ಲಿ ಈ ಎರಡೂ ಧಾರೆಗಳು ಬಂದು ಕೂಡಿದವು. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ (ಎಪಿಡಿ) ಕಟ್ಟಿದರು. 1994ರಲ್ಲಿ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆ ಬಂತು. ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳು ಹುಟ್ಟಿದವು. ಮುಂದೆ ಸರ್ಕಾರ ಗ್ರಾಮ ಪಂಚಾಯಿತಿಗೊಬ್ಬ ವಿಆರ್‌ಡಬ್ಲ್ಯು, ತಾಲ್ಲೂಕಿಗೊಬ್ಬ ಎಂಆರ್‌ಡಬ್ಲ್ಯು ಎಂದು ಅಂಗವಿಕಲರನ್ನೇ ಪುನರ್ವಸತಿ ಕಾರ್ಯಕರ್ತರನ್ನಾಗಿ ನೇಮಿಸಿತು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ತುಂಬುವುದು, ನಿಂತುಹೋದ ಮಾಸಾಶನದ ಬೆನ್ನು ಹತ್ತುವುದು, ಶಾಲೆ ಬಿಟ್ಟ ಮಗುವನ್ನು ಮತ್ತೆ ಸೇರಿಸುವುದು, ಎಲ್ಲ ಇವರ ತಲೆಯ ಮೇಲೇ. ಬರ್ಕ್ಲಿಯ ತತ್ತ್ವ ನಮ್ಮ ಪಂಚಾಯಿತಿಗೆ ಇಳಿದದ್ದು ಇವರ ಮೂಲಕ ಎಂದರೆ ಹೆಚ್ಚಾಗಲಾರದು. ಹಾಗಿದ್ದೂ ಇವರು ಗೌರವಧನದ ಮೇಲೇ ದುಡಿಯುತ್ತಿದ್ದಾರೆ.

ಭಾರತ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 2007ರಲ್ಲಿ ಒಪ್ಪಿತು. ಅದರ 19ನೇ ವಿಧಿ ಎಲ್ಲಿ, ಯಾರ ಜತೆ ಇರಬೇಕೆಂದು ತೀರ್ಮಾನಿಸುವ ಹಕ್ಕನ್ನು ಅಂಗವಿಕಲರಿಗೇ ಕೊಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಆ ಮಾತಿದೆ. ನೆಲದ ಮೇಲೆ ನೋಡಿ. ಪಂಚಾಯಿತಿ ಕಚೇರಿಯ ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಅಡಿಗೆ ಹನ್ನೆರಡು ಅಡಿ ಲೆಕ್ಕದಲ್ಲಿ ಇಳಿಜಾರು 18 ಅಡಿ ಬೇಕು. ಜಾಗವಿಲ್ಲವೆಂದು ಆರೇಳು ಅಡಿಯಲ್ಲೇ ಮುಗಿಸಿದ ರ‍್ಯಾಂಪಿನಲ್ಲಿ ಗಾಲಿಕುರ್ಚಿಯವರು ಒಬ್ಬರೇ ಏರಲಾರರು, ಇಳಿಯುವಾಗ ಮುಗ್ಗರಿಸುತ್ತಾರೆ. ಇಂಥ ಮಾನದಂಡಗಳನ್ನು ಬರೀ ಶಿಫಾರಸಾಗಿ ಬಿಡದೆ ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಬೇಕಾಯಿತು.

ಇದಕ್ಕಿಂತ ಕಷ್ಟದ ಪ್ರಶ್ನೆ ತಾಯಂದಿರದು: ‘ನಾವು ಹೋದಮೇಲೆ ಇವನನ್ನ ಯಾರು ನೋಡ್ಕೋತಾರೆ?’ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದಕ್ಕೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ದಾರಿ ತೋರಿಸಿತು. ಆದರೆ ಸಹಿ ಹಾಕುವವರು ಸಿಕ್ಕ ಮಾತ್ರಕ್ಕೆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವವರು ಸಿಗುವುದಿಲ್ಲ. ಹೆಚ್ಚಿನ ನೆರವು ಬೇಕಾದವರು ಅರ್ಜಿ ಹಾಕಬಹುದೆಂದು 2016ರ ಕಾಯ್ದೆಯ 38ನೇ ಕಲಂ ಹೇಳುತ್ತದೆ. ಅದಕ್ಕೆ ಜೀವ ಬರಬೇಕಾದರೆ ಪಂಚಾಯಿತಿಯ ಲೆಕ್ಕದಲ್ಲಿ ಸಹಾಯಕರ ಸಂಬಳಕ್ಕೆ ಹಣ ಬೇಕು. ಯಾವ ಮನೆಯಲ್ಲಿ ಯಾರಿಗೆ ದಿನಕ್ಕೆ ಎಷ್ಟು ಹೊತ್ತಿನ ನೆರವು ಬೇಕು ಎಂದು ಕೇಳಿದರೆ ವಿಆರ್‌ಡಬ್ಲ್ಯು ಕೂತಲ್ಲೇ ಹೇಳಬಲ್ಲರು.