ಯುರೋಪ್ ಅಧ್ಯಯನ

ಯುರೋಪ್ ಅಧ್ಯಯನವು ಯುರೋಪ್ ಖಂಡದ ರಾಜಕೀಯ, ಕಾನೂನು, ಅರ್ಥವ್ಯವಸ್ಥೆ, ಇತಿಹಾಸ ಹಾಗೂ ಸಂಸ್ಕೃತಿಗಳನ್ನು ಒಟ್ಟಾಗಿ ಅಭ್ಯಸಿಸುವ ಜ್ಞಾನಶಾಖೆ. ವಿದೇಶಗಳ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಅಂತರರಾಷ್ಟ್ರೀಯ ಸಂಬಂಧಗಳೊಡನೆ ಸ್ನಾತಕೋತ್ತರ ಹಂತದಲ್ಲಿ ಬೋಧಿಸುತ್ತವೆ.

ಹಿನ್ನೆಲೆ

ಮೊದಲನೆಯ ಮಹಾಯುದ್ಧದ ನಂತರ, 1919ರಲ್ಲಿ, ವೇಲ್ಸ್‌ನ ಅಬರಿಸ್ಟ್ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕಾರಣದ ಅಧ್ಯಯನ ಪೀಠ ಸ್ಥಾಪನೆಯಾಯಿತು. ಯುರೋಪ್ ಅಧ್ಯಯನಕ್ಕೆ ಮೀಸಲಾದ 'ಕಾಲೇಜ್ ಆಫ್ ಯುರೋಪ್' 1949ರಲ್ಲಿ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ಆರಂಭವಾಯಿತು. ಭಾರತದಲ್ಲಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯವು ಈ ವಿಷಯಕ್ಕೆ ಪ್ರತ್ಯೇಕ ಕೇಂದ್ರವನ್ನು ಹೊಂದಿದೆ. ಕರ್ನಾಟಕದಲ್ಲಿ ಉಡುಪಿ ಜಿಲ್ಲೆಯ ಮಣಿಪಾಲದಲ್ಲಿಯೂ ಯುರೋಪ್ ಅಧ್ಯಯನ ಕೇಂದ್ರವೊಂದು ರೂಪುಗೊಂಡಿತು.

ಅವಧಿ ಮತ್ತು ವಿದ್ಯಾರ್ಥಿವೇತನ

ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಯುರೋಪಿನ ಇತರ ಅನೇಕ ದೇಶಗಳಲ್ಲಿ ಎರಡು ವರ್ಷ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷದ ವ್ಯಾಸಂಗಕ್ಕೆ 60 ಕ್ರೆಡಿಟ್‌ಗಳು. 2004ರಲ್ಲಿ ಆರಂಭವಾದ 'ಎರಾಸ್ಮಸ್ ಮುಂಡುಸ್' ಯೋಜನೆಯ ಜಂಟಿ ಪದವಿಗಳಲ್ಲಿ ವಿದ್ಯಾರ್ಥಿಯು ಕನಿಷ್ಠ ಎರಡು ದೇಶಗಳಲ್ಲಿ ಓದುತ್ತಾನೆ. 2021-27ರ ಅವಧಿಯಲ್ಲಿ ಇದರ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ, ಗರಿಷ್ಠ 24 ತಿಂಗಳು. ವಿದ್ಯಾರ್ಥಿವೇತನ ಪಡೆದವರಿಗೆ ಬೋಧನಾ ಶುಲ್ಕವಿಲ್ಲ. ಉಳಿದವರು ಶುಲ್ಕ ಭರಿಸಬೇಕಾಗುತ್ತದೆ.

ಭಾರತದಲ್ಲಿ ಮಾನ್ಯತೆ

ಭಾರತದ ಸ್ನಾತಕೋತ್ತರ ಪದವಿಯು ರೂಢಿಯಲ್ಲಿ ಎರಡು ವರ್ಷದ್ದಾದ ಕಾರಣ, ಬ್ರಿಟನ್ನಿನ ಒಂದು ವರ್ಷದ ಪದವಿ ಪಡೆದು ಮರಳಿದವರಿಗೆ ಉನ್ನತ ವ್ಯಾಸಂಗ ಹಾಗೂ ಸರ್ಕಾರಿ ಹುದ್ದೆಗಳಲ್ಲಿ ತೊಡಕಾಗುತ್ತಿತ್ತು. 2022ರ ಜುಲೈನಲ್ಲಿ ಉಭಯ ದೇಶಗಳು ಮಾಡಿಕೊಂಡ ಒಡಂಬಡಿಕೆಯು ಈ ಪದವಿಗೆ ಮಾನ್ಯತೆ ಒದಗಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ, ವಿದೇಶಿ ಸಂಸ್ಥೆಯು ತನ್ನ ದೇಶದಲ್ಲಿ ಮಾನ್ಯತೆ ಪಡೆದಿರಬೇಕು. ಅಲ್ಲಿನ ಪ್ರವೇಶಾರ್ಹತೆಯು ಭಾರತದ ಅದೇ ಹಂತದ ಅರ್ಹತೆಗೆ ಸರಿಹೊಂದಬೇಕು.