ದತ್ತಿಯ ಲೆಕ್ಕ ಕೇಳುವವರು ಯಾರು?

ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫಕ್ ಸೀಮೆಯಲ್ಲಿ ಥೆಟ್‌ಫರ್ಡ್ ಎಂಬ ಚಿಕ್ಕ ಪೇಟೆಯಿದೆ. 1567ರಲ್ಲಿ ತೀರಿಕೊಂಡ ಸರ್ ರಿಚರ್ಡ್ ಫುಲ್ಮರ್‌ಸ್ಟನ್ ಸಾಯುವ ಮುನ್ನ ಉಯಿಲು ಬರೆದು ಅಲ್ಲಿ ಒಂದಷ್ಟು ಜಮೀನನ್ನು ಧರ್ಮಕ್ಕೆ ಬಿಟ್ಟ. ಅದರ ಉತ್ಪತ್ತಿಯಲ್ಲಿ ಬೋಧಕನಿಗೆ ಇಷ್ಟು, ಶಾಲೆಯ ಮೇಷ್ಟರಿಗೆ ಇಷ್ಟು, ಬಡವರಿಗೆ ಇಷ್ಟು ಎಂದು ಹಂಚಿಟ್ಟಿದ್ದ. ಆಗಿನ ವರಮಾನ ವರ್ಷಕ್ಕೆ 35 ಪೌಂಡ್, ಹಂಚಿಕೆಯೂ ಅಷ್ಟಕ್ಕೇ. ನಲವತ್ತು ವರ್ಷ ಕಳೆಯುವ ಹೊತ್ತಿಗೆ ವರಮಾನ 100 ಪೌಂಡಿಗೆ ಏರಿತ್ತು. ಮೇಷ್ಟರಿಗೆ ಸಲ್ಲಬೇಕಾದ್ದು ಮಾತ್ರ ಉಯಿಲಿನಲ್ಲಿ ಬರೆದಷ್ಟೇ. ಹಾಗಾದರೆ ಮೇಲಿನ 65 ಪೌಂಡ್ ಯಾರ ಪಾಲು?

1609ರಲ್ಲಿ ನ್ಯಾಯಾಧೀಶರು ಕೊಟ್ಟ ಉತ್ತರದಲ್ಲಿ ಪಾಂಡಿತ್ಯಕ್ಕಿಂತ ವ್ಯವಹಾರಜ್ಞಾನವೇ ಹೆಚ್ಚು. ಜಮೀನಿನ ಬೆಲೆ ಇಳಿದಿದ್ದರೆ ನಷ್ಟ ಮೇಷ್ಟರಿಗೂ ಬಡವರಿಗೂ ತಟ್ಟುತ್ತಿತ್ತು. ಆದ್ದರಿಂದ ಏರಿದಾಗಿನ ಲಾಭವೂ ಅವರದೇ. ಜಮೀನು ಕೈಯಲ್ಲಿಟ್ಟುಕೊಂಡವರಿಗೆ ಅದರಲ್ಲಿ ಕಾಸೂ ಇಲ್ಲ.

ತೀರ್ಪು ಸುಲಭ, ಆದರೆ ವಿಷಯ ಆ ಕಟ್ಟೆಯ ತನಕ ಹೋಗುವುದೇ ಕಷ್ಟ. ಸಾಲಕ್ಕೆ ಸಾಲಗಾರನ ಬೆನ್ನು ಹತ್ತುವ ಧಣಿ ಇರುತ್ತಾನೆ. ದತ್ತಿಗೆ ಅಂಥವರಿಲ್ಲ. ಕೊಟ್ಟವನು ಮಣ್ಣು ಸೇರಿದ್ದಾನೆ. ಪಡೆಯಬೇಕಾದ ಮುದುಕಿಗೆ ಅಂಥದೊಂದು ಉಯಿಲು ಇದೆಯೆಂಬುದೇ ಗೊತ್ತಿಲ್ಲ. ಕಾಗದಪತ್ರದ ಪೆಟ್ಟಿಗೆಯ ಕೀಲಿ ಧರ್ಮದರ್ಶಿಯ ಸೊಂಟದಲ್ಲಿದೆ. ಇಂಗ್ಲೆಂಡಿನ ದತ್ತಿ ಕಾನೂನಿನ ಮುನ್ನೂರು ವರ್ಷದ ಬೆಳವಣಿಗೆಯನ್ನು, ಲೆಕ್ಕ ಕೇಳುವವನನ್ನು ಹುಡುಕಿದ ಕಥೆಯೆಂದೇ ನಾನು ಓದಿಕೊಂಡಿದ್ದೇನೆ.

ಮೊದಲು ಈ ಕೆಲಸ ಚರ್ಚಿನದಾಗಿತ್ತು. ಉಯಿಲುಗಳು ಬಿಷಪ್ಪರ ನ್ಯಾಯಾಲಯದಲ್ಲಿ ರುಜುವಾತಾಗುತ್ತಿದ್ದವು, ಧರ್ಮಕಾರ್ಯಕ್ಕೆ ಬಿಟ್ಟ ಹಣದ ವಿಚಾರಣೆಯೂ ಅಲ್ಲೇ. ಜಮೀನಿನ ದಾರಿ ಬೇರೆ. ಸ್ವಂತ ಆಸ್ತಿ ಇಟ್ಟುಕೊಳ್ಳದ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗಾಗಿ ಊರವರು ತಮ್ಮ ಹೆಸರಿನಲ್ಲಿ ಮನೆ-ನೆಲ ಇಟ್ಟುಕೊಳ್ಳುತ್ತಿದ್ದರು: ಹೆಸರು ಒಬ್ಬರದು, ಅನುಭೋಗ ಇನ್ನೊಬ್ಬರದು. ಸಾಮಾನ್ಯ ನ್ಯಾಯಾಲಯಕ್ಕೆ ಹೆಸರಿದ್ದವನೇ ಒಡೆಯ. ನಂಬಿಕೆ ಮುರಿದವನನ್ನು ಕರೆಸಿ ‘ನಿನ್ನ ಅಂತಃಸಾಕ್ಷಿ ಏನು ಹೇಳುತ್ತದೆ’ ಎಂದು ವಿಚಾರಿಸುತ್ತಿದ್ದವನು ಲಾರ್ಡ್ ಚಾನ್ಸಲರ್. ಆ ಪೀಠದಲ್ಲಿ ಕೂರುತ್ತಿದ್ದವರು ಬಹಳ ಕಾಲ ಪಾದ್ರಿಗಳೇ ಆಗಿದ್ದರಿಂದ ಅಂತಃಸಾಕ್ಷಿಯ ಭಾಷೆ ಅವರಿಗೆ ಹೊಸದೇನಲ್ಲ. ಟ್ರಸ್ಟ್ ಎಂದು ನಾವು ಇಂದು ಕರೆಯುವುದರ ಬೇರು ಅವನ ಚಾನ್ಸರಿ ನ್ಯಾಯಾಲಯದಲ್ಲಿದೆ.

ಮತಸುಧಾರಣೆ ಈ ಏರ್ಪಾಟನ್ನು ಅಲುಗಾಡಿಸಿತು. ಸತ್ತವರ ಆತ್ಮಕ್ಕಾಗಿ ಪ್ರಾರ್ಥನೆ ನಡೆಸಲು ಬಿಟ್ಟಿದ್ದ ದತ್ತಿಗಳನ್ನು 1547ರ ಕಾಯ್ದೆ ‘ಮೂಢನಂಬಿಕೆ’ ಎಂದು ರದ್ದುಮಾಡಿ ಜಮೀನನ್ನು ದೊರೆಯ ಬೊಕ್ಕಸಕ್ಕೆ ಸೇರಿಸಿತು. ಉಳ್ಳವರ ಹಣ ಅಲ್ಲಿಂದ ಮುಂದೆ ಶಾಲೆ, ಅನಾಥಾಲಯ, ಮುದುಕರ ಆಶ್ರಯಮನೆಗಳತ್ತ ಹೆಚ್ಚು ಹರಿಯಿತು. ಅದೇ ಶತಮಾನದಲ್ಲಿ ಬೆಲೆಗಳು ಏರಿದವು, ಗೇಣಿ ಏರಿತು. ಏರಿದ್ದನ್ನು ಸದ್ದಿಲ್ಲದೆ ಜೇಬಿಗಿಳಿಸುವವರೂ ಹೆಚ್ಚಿದರು.

ಅವರಿಗೆ ಮೂಗುದಾರ ಹಾಕಲು 1597ರಲ್ಲಿ ಒಂದು ಕಾಯ್ದೆ ಬಂತು. ಅದನ್ನು ತಿದ್ದಿ 1601ರಲ್ಲಿ ಮಾಡಿದ್ದು ಹೆಸರಾಂತ ದತ್ತಿ ಕಾಯ್ದೆ. ಎಲಿಜಬೆತ್ ರಾಣಿಯ ಬಡವರ ಕಾಯ್ದೆ ಬಂದದ್ದೂ ಅದೇ ಅಧಿವೇಶನದಲ್ಲಿ. ಸತ್ತವರು ಬಿಟ್ಟ ಹಣ ಸರಿಯಾಗಿ ತಲುಪಿದರೆ ಬಡವರಿಗಾಗಿ ಊರಿನ ಮೇಲೆ ಹಾಕುವ ತೆರಿಗೆಯ ಹೊರೆ ಅಷ್ಟು ಕಡಿಮೆ. ಕರುಣೆಯ ಜೊತೆಗೆ ಈ ಲೆಕ್ಕಾಚಾರವೂ ಇತ್ತು.

ಧರ್ಮಕಾರ್ಯಗಳೆಂದರೆ ಯಾವುವು ಎಂದು ಕಾಯ್ದೆಯ ಪೀಠಿಕೆ ಪಟ್ಟಿ ಮಾಡುತ್ತದೆ. ಮುದುಕರು, ಕೈಲಾಗದವರು, ಗಾಯಗೊಂಡ ಸೈನಿಕರು, ನಾವಿಕರು, ಶಾಲೆಗಳು, ಅನಾಥರು, ಸೆರೆಯಾಳುಗಳ ಬಿಡುಗಡೆ. ಸೇತುವೆ, ಬಂದರು, ಹೆದ್ದಾರಿ, ಕಡಲ ಒಡ್ಡುಗಳ ದುರಸ್ತಿ. ಬಡ ಹೆಣ್ಣುಮಕ್ಕಳ ಮದುವೆ. ಸೇತುವೆಯ ಪಕ್ಕದಲ್ಲಿ ಮದುವೆ ಕಂಡು ಇಂದಿನ ವಕೀಲರು ನಗಬಹುದು. ಕೆರೆ ಕಟ್ಟಿಸುವುದನ್ನೂ ಕನ್ಯಾದಾನವನ್ನೂ ಒಂದೇ ಉಸಿರಿನಲ್ಲಿ ಪುಣ್ಯವೆಂದು ಎಣಿಸಿದ ನಮಗೆ ನಗು ಬರಬೇಕಿಲ್ಲ. ಈ ಪಟ್ಟಿಯನ್ನೇ ಆಧರಿಸಿ 1891ರ ಪೆಮ್ಸೆಲ್ ಮೊಕದ್ದಮೆಯಲ್ಲಿ ಲಾರ್ಡ್ ಮ್ಯಾಕ್‌ನಾಟನ್ ದತ್ತಿಗೆ ನಾಲ್ಕು ತಲೆಬರಹ ಕೊಟ್ಟ. ಬಡತನ ನಿವಾರಣೆ, ವಿದ್ಯೆ, ಧರ್ಮ, ಇತರ ಸಾರ್ವಜನಿಕ ಹಿತ.

ಆದರೆ ಕಾಯ್ದೆಯ ಜೀವ ಪಟ್ಟಿಯಲ್ಲಿಲ್ಲ, ವಿಚಾರಣೆಯ ಕ್ರಮದಲ್ಲಿದೆ. ಚಾನ್ಸಲರ್ ಒಂದು ಆಯೋಗ ನೇಮಿಸುತ್ತಾನೆ. ಅದರಲ್ಲಿ ಆ ಪ್ರಾಂತ್ಯದ ಬಿಷಪ್, ಜೊತೆಗೆ ಆ ಸೀಮೆಯ ಮರ್ಯಾದಸ್ಥರು. ಅದೇ ಸೀಮೆಯ ಹನ್ನೆರಡು ಮಂದಿ ಜ್ಯೂರಿಯಾಗಿ ಪ್ರಮಾಣ ಮಾಡುತ್ತಾರೆ. ಹಳೇ ಪತ್ರಗಳು ಹೊರಬರುತ್ತವೆ. ಈ ಹೊಲ ಯಾವಾಗ ಯಾರ ಕೈಗೆ ಹೋಯಿತು, ಗೇಣಿ ಎಷ್ಟು, ಬಡವರಿಗೆ ಕೊನೆಯ ಸಲ ಕೊಟ್ಟದ್ದು ಎಂದು? ಎಲ್ಲಕ್ಕೂ ಸಾಕ್ಷಿ ಕೇಳುತ್ತಾರೆ. ಆಮೇಲೆ ಆಯೋಗವೇ ಆಜ್ಞೆ ಹೊರಡಿಸುತ್ತದೆ. ನುಂಗಿದವನು ಕಕ್ಕಬೇಕು, ಒಪ್ಪದಿದ್ದರೆ ಚಾನ್ಸಲರನ ಬಳಿ ಹೋಗಬೇಕು. ಆ ವಿಚಾರಣೆ-ಆಜ್ಞೆಗಳ ಚರ್ಮಕಾಗದಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇವೆ. ನೆರೆಯವನ ಹೊಲದ ಹಕ್ಕುಬಾಧ್ಯತೆ ನೆರೆಯವನಿಗೆ ಗೊತ್ತಿರುವಷ್ಟು ರಾಜಧಾನಿಯ ಗುಮಾಸ್ತನಿಗೆ ಗೊತ್ತಿರುವುದಿಲ್ಲ. ಮುನ್ನೂರು ವರ್ಷದಲ್ಲಿ ಇಂಗ್ಲಿಷರು ಕಂಡುಕೊಂಡ ಉಪಾಯಗಳಲ್ಲಿ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆಕ್ಸ್‌ಫರ್ಡ್, ಕೇಂಬ್ರಿಜ್ ಕಾಲೇಜುಗಳನ್ನೂ ಈಟನ್, ವಿಂಚೆಸ್ಟರ್ ಶಾಲೆಗಳನ್ನೂ ಕಾಯ್ದೆ ಹೊರಗಿಟ್ಟಿತು. ದೊಡ್ಡವರ ದತ್ತಿಗೆ ಬೀದಿಯ ಜ್ಯೂರಿ ಬೇಡವಾಗಿತ್ತು.

ಈ ಉಪಾಯ ನಿಲ್ಲಲಿಲ್ಲ. ಸೋತವನು ಚಾನ್ಸರಿಗೆ ಹೋದರೆ ಎಲ್ಲ ಮತ್ತೆ ಮೊದಲಿಂದ. ಖರ್ಚು ಎರಡು ಪಟ್ಟು. ಹದಿನೇಳನೆಯ ಶತಮಾನ ಸರಿದಂತೆ, ದೊರೆಯ ಪರವಾಗಿ ಅಟಾರ್ನಿ ಜನರಲ್ ನೇರವಾಗಿ ಚಾನ್ಸರಿಯಲ್ಲಿ ದಾವೆ ಹೂಡುವ ಕ್ರಮ ಬಲವಾಯಿತು. ವಾರಸುದಾರರಿಲ್ಲದ ದತ್ತಿಗೆ ದೊರೆಯೇ ಪೋಷಕ ಎಂಬುದು ಅದರ ತರ್ಕ. ದೂರು ತಂದ ಊರಿನವನ ಹೆಸರು ಮೊಕದ್ದಮೆಯ ಬಾಲದಲ್ಲಿ ಉಳಿಯಿತು; ಖರ್ಚಿನ ಹೊಣೆ ಮಾತ್ರ ಅವನದೇ.

ಸತ್ತವನ ಮಾತನ್ನು ಕಾಯುವ ಅಧಿಕಾರ ಒಂದೇ ಕೈಗೆ ಬಂದಾಗ ಅದನ್ನು ತಿರುಚುವ ಅಧಿಕಾರವೂ ಅಲ್ಲಿಗೇ ಬಂತು. ಆಂಗ್ಲಿಕನ್ ಚರ್ಚಿನಿಂದ ಹೊರದಬ್ಬಿಸಿಕೊಂಡು ಕಷ್ಟದಲ್ಲಿದ್ದ ಅರವತ್ತು ಪಾದ್ರಿಗಳಿಗೆ ಹಂಚಲೆಂದು ಒಬ್ಬ ದಾನಿ ಪ್ಯೂರಿಟನ್ ಬೋಧಕ ರಿಚರ್ಡ್ ಬ್ಯಾಕ್ಸ್‌ಟರ್ ಕೈಯಲ್ಲಿ 600 ಪೌಂಡ್ ಬಿಟ್ಟ. 1684ರಲ್ಲಿ ನ್ಯಾಯಾಲಯ ಅದನ್ನು ಸಲ್ಲದ ದತ್ತಿಯೆಂದು ತಳ್ಳಿ, ಹಣವನ್ನು ಚೆಲ್ಸಿಯ ಸಂಸ್ಥೆಯೊಂದಕ್ಕೆ ತಿರುಗಿಸಿತು. ದೊರೆ ಬದಲಾದ ಮೇಲೆ, 1689ರಲ್ಲಿ, ಅದೇ ಚಾನ್ಸರಿ ತೀರ್ಪನ್ನು ಮಗುಚಿ ಹಣವನ್ನು ಪಾದ್ರಿಗಳಿಗೆ ಕೊಡಿಸಿತು. ಯಹೂದಿ ದಾನಿ ಎಲಿಯಾಸ್ ಡಿ ಪಾಜ್‌ನ ಕಡೆ ನ್ಯಾಯ ಹೀಗೆ ಮಗುಚಿ ನೋಡಲಿಲ್ಲ. ತನ್ನವರ ಧರ್ಮಶಾಸ್ತ್ರ ಓದಿಸಲು ಅವನು ಬಿಟ್ಟದ್ದು 1,200 ಪೌಂಡ್. ಉದ್ದೇಶ ಅಸಿಂಧು, ಆದರೆ ದಾನದ ಬುದ್ಧಿ ಸಿಂಧು ಎಂದ ಲಾರ್ಡ್ ಹಾರ್ಡ್‌ವಿಕ್. 1754ರಲ್ಲಿ ಅದರಲ್ಲಿ 1,000 ಪೌಂಡ್ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ಅನಾಥ ಮಕ್ಕಳಿಗೆ ಕ್ರೈಸ್ತ ಮತ ಬೋಧಿಸುವ ಖರ್ಚಿಗೆ ಹೋಯಿತು. ದಾನಿಯ ಇಚ್ಛೆಗೆ ‘ಆದಷ್ಟು ಹತ್ತಿರ’ವಾದ ಕೆಲಸಕ್ಕೆ ಹಣ ಒದಗಿಸುವ ಈ ತತ್ವವನ್ನು ಕಾನೂನಿನವರು ಸೀಪ್ರೇ ಎನ್ನುತ್ತಾರೆ. ಹತ್ತಿರ ಎಂದರೆ ಯಾರಿಗೆ ಹತ್ತಿರ?

ಖಾಸಗಿ ಟ್ರಸ್ಟ್ ಆಸ್ತಿಗಳ ವಿಷಯದಲ್ಲಿ ಅದೇ ನ್ಯಾಯಾಲಯ ಕಟ್ಟುನಿಟ್ಟು. ರೋಮ್‌ಫರ್ಡ್ ಸಂತೆಯ ವರಮಾನದ ಗುತ್ತಿಗೆಯೊಂದನ್ನು ಒಬ್ಬ ಟ್ರಸ್ಟಿ ಚಿಕ್ಕ ಹುಡುಗನ ಪರವಾಗಿ ನೋಡಿಕೊಳ್ಳುತ್ತಿದ್ದ. ಅವಧಿ ಮುಗಿಯುವಾಗ, ಅಪ್ರಾಪ್ತ ವಯಸ್ಕನಿಗೆ ಮತ್ತೆ ಗುತ್ತಿಗೆ ಕೊಡಲೊಲ್ಲೆ ಎಂದ ಮಾಲೀಕ. ಟ್ರಸ್ಟಿ ತನ್ನ ಹೆಸರಿಗೇ ಬರೆಸಿಕೊಂಡ. ಅವನು ಮೋಸ ಮಾಡಿದನೆಂದು ಯಾರೂ ಸಾಧಿಸಿರಲಿಲ್ಲ. ಆದರೂ 1726ರಲ್ಲಿ ಲಾರ್ಡ್ ಕಿಂಗ್ ಅವನಿಂದ ಗುತ್ತಿಗೆಯನ್ನೂ ಲಾಭವನ್ನೂ ಹುಡುಗನಿಗೆ ಕೊಡಿಸಿದ. ಲೋಕದಲ್ಲಿ ಯಾರು ಬೇಕಾದರೂ ಆ ಗುತ್ತಿಗೆ ಹಿಡಿಯಬಹುದು, ಟ್ರಸ್ಟಿ ಮಾತ್ರ ಕೂಡದು.

ತಮಾಷೆಯೆಂದರೆ, ಅದಕ್ಕೆ ಒಂದು ವರ್ಷ ಮೊದಲಷ್ಟೇ ಅದೇ ಪೀಠದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕಕ್ಷಿದಾರರ ಠೇವಣಿ ಚಾನ್ಸರಿಯ ಮಾಸ್ಟರ್‌ಗಳೆಂಬ ಅಧಿಕಾರಿಗಳ ಕೈಯಲ್ಲಿರುತ್ತಿತ್ತು. ಚಾನ್ಸಲರ್ ಲಾರ್ಡ್ ಮ್ಯಾಕಲ್ಸ್‌ಫೀಲ್ಡ್ ಆ ಹುದ್ದೆಗಳನ್ನೇ ಮಾರಿದ್ದ. ಅನಾಥರ, ವಿಧವೆಯರ ಹಣ 1720ರ ಸೌತ್ ಸೀ ಷೇರುಗಳ ಗುಳ್ಳೆ ಒಡೆದಾಗ ಕರಗಿದ್ದು ಗೊತ್ತಾಯಿತು. 1725ರಲ್ಲಿ ಸಂಸತ್ತು ಚಾನ್ಸಲರನಿಗೆ 30,000 ಪೌಂಡ್ ದಂಡ ಹಾಕಿತು. ಆಮೇಲೆ ಕಕ್ಷಿದಾರರ ಹಣಕ್ಕೆ ಅಕೌಂಟೆಂಟ್ ಜನರಲ್ ಎಂಬ ಅಧಿಕಾರಿ ಬಂದ, ಠೇವಣಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯಿತು.

ದತ್ತಿಗಳ ವಿಷಯಕ್ಕೆ ಮರಳಿದರೆ, 1736ರ ಮಾರ್ಟ್‌ಮೇನ್ ಕಾಯ್ದೆ ಉಯಿಲಿನ ಮೂಲಕ ಜಮೀನನ್ನು ಧರ್ಮಕ್ಕೆ ಬಿಡುವುದನ್ನೇ ನಿಷೇಧಿಸಿತು. ಬಿಡುವುದಿದ್ದರೆ ಸಾಯುವುದಕ್ಕೆ ಹನ್ನೆರಡು ತಿಂಗಳು ಮೊದಲೇ ಪತ್ರ ಮಾಡಿ ಚಾನ್ಸರಿಯಲ್ಲಿ ದಾಖಲಿಸಬೇಕು. ವಿಶ್ವವಿದ್ಯಾಲಯಗಳಿಗೆ ಇಲ್ಲೂ ವಿನಾಯಿತಿ. ಹಾಗಾಗಿ ಸರ್ ಜಾರ್ಜ್ ಡೌನಿಂಗ್ ಕೇಂಬ್ರಿಜ್‌ನಲ್ಲಿ ಕಾಲೇಜು ಕಟ್ಟಲು 1717ರಲ್ಲಿ ಬರೆದ ಉಯಿಲು ಉಳಿಯಿತು. ಕಟ್ಟುವ ಸರದಿ ಬಂದದ್ದು 1764ರಲ್ಲಿ ಕೊನೆಯ ವಾರಸುದಾರ ಸತ್ತಾಗ. ಅವನ ಹೆಂಡತಿ ಎಸ್ಟೇಟು ಬಿಟ್ಟುಕೊಡಲಿಲ್ಲ. ಚಾನ್ಸರಿ ವರ್ಷಗಟ್ಟಲೆ ಎಳೆದು, ಕಾಲೇಜಿಗೆ ಸನ್ನದು ಸಿಕ್ಕಿದ್ದು 1800ರಲ್ಲಿ.

ದಾನಗಳ ಲೆಕ್ಕವನ್ನು ಇತಿಹಾಸಕಾರರೂ ಕೇಳಿದ್ದಾರೆ. ಡಬ್ಲ್ಯು. ಕೆ. ಜೋರ್ಡನ್ 1959ರಲ್ಲಿ ಸಾವಿರಾರು ಉಯಿಲುಗಳನ್ನು ಜಾಲಾಡಿ ಎಲಿಜಬೆತ್ ರಾಣಿಯ ಆಸುಪಾಸಿನ ಕಾಲದ ದಾನದ ಮೊತ್ತ ಕೂಡಿದ. ಬೆಲೆಯೇರಿಕೆಯನ್ನು ಕಳೆಯದ ಕಾರಣ ಅವನ ಅಂಕಿಗಳನ್ನು ಈಗ ಯಾರೂ ಹಾಗೇ ಒಪ್ಪುವುದಿಲ್ಲ. ಥೆಟ್‌ಫರ್ಡಿನ ನ್ಯಾಯಾಧೀಶರು ಮರೆಯದಿದ್ದುದನ್ನು ಇತಿಹಾಸಕಾರ ಮರೆತಿದ್ದ. ನ್ಯಾಯಾಲಯಗಳ ಮಟ್ಟಿಗೆ ಗ್ಯಾರೆತ್ ಜೋನ್ಸ್‌ನ 1969ರ ಪುಸ್ತಕವೇ ಹೆಚ್ಚು ನಂಬಿಕೆಯದು.

ಊರಿನವನಿಗೆ ಮತ್ತೆ ಬಾಗಿಲು ತೆರೆದದ್ದು 1812ರ ಕಾಯ್ದೆ. ಅಟಾರ್ನಿ ಜನರಲ್ ಒಪ್ಪಿದರೆ ಯಾರೇ ಇಬ್ಬರು ಸೇರಿ ಅರ್ಜಿ ಹಾಕಬಹುದು. ಆ ‘ಇಬ್ಬರು’ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಲ್ಲೂ ಕೂತಿದ್ದಾರೆ. ಛತ್ರದ ಬಾಡಿಗೆ ಎಲ್ಲಿ ಹೋಯಿತೆಂದು ಧರ್ಮದರ್ಶಿಗಳನ್ನು ಕೇಳಲು ಇಂದಿಗೂ ಅಡ್ವೊಕೇಟ್ ಜನರಲ್ ಬರಬೇಕು, ಇಲ್ಲವೇ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಬರಬೇಕು. ಜಿಲ್ಲಾ ನ್ಯಾಯಾಲಯದ ಪಡಸಾಲೆಯಲ್ಲಿ ಮೊದಲನೆಯವನು ಬೇಗ ಸಿಗುತ್ತಾನೆ. ವಕೀಲರು ಹುಡುಕುವುದು ಎರಡನೆಯವನನ್ನು.